ಹರಿಹರದ ಗಡಿಯಿಂದ ಹಡಗಿನ ಮೆಟ್ಟಿಲವರೆಗೆ

ಹರಿಹರದಲ್ಲಿ ತುಂಗಭದ್ರೆಗೆ ಹಳೆಯ ಸೇತುವೆ ಕಟ್ಟಿದ್ದು 1868ರಲ್ಲಿ. ಕಲ್ಲು, ಇಟ್ಟಿಗೆಯ ಕೆಲಸ. 60 ಅಡಿ ಅಗಲದ 14 ಕಮಾನುಗಳು. ಆ ಕಾಲಕ್ಕೆ ಸುಮಾರು 3 ಲಕ್ಷ ರೂಪಾಯಿ ಖರ್ಚು. ಈಚೆ ದಡ ಮೈಸೂರು ಸಂಸ್ಥಾನದ್ದು, ಆಚೆ ದಡ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯದು. ಇಪ್ಪತ್ತು ವರ್ಷ ಕಳೆಯುವ ಹೊತ್ತಿಗೆ ರೈಲೂ ಬಂತು. ಬೆಂಗಳೂರಿನಿಂದ ಹೊರಟ ಸದರ್ನ್ ಮರಾಠಾ ರೈಲ್ವೆಯ ಹಳಿ ದಾವಣಗೆರೆ, ಹರಿಹರ ದಾಟಿ ಹುಬ್ಬಳ್ಳಿಯನ್ನು ಮುಟ್ಟಿತು. ಕೊಂಡಜ್ಜಿಯ ಕೆರೆ, ಗುಡ್ಡ ನೋಡಲು ಇಂದು ಹರಿಹರದಿಂದ ಹೋಗುವವರಿಗೆ, ಅಲ್ಲಿನ ಸ್ಕೌಟ್ಸ್ ಶಿಬಿರಕ್ಕೆ ಮಕ್ಕಳನ್ನು ಕಳಿಸುವ ತಂದೆತಾಯಿಗಳಿಗೆ, ಈ ಸೀಮೆ ಒಂದು ಕಾಲಕ್ಕೆ ಎರಡು ಸರ್ಕಾರಗಳ ನಡುವಿನ ಗಡಿಯಾಗಿತ್ತು ಎಂಬುದು ನೆನಪಿಗೆ ಬರುವುದೇ ಕಷ್ಟ. ಆದರೆ ಪ್ರಯಾಣ ಮುಂದುವರಿಸುವ ಮುನ್ನ ನಿನ್ನ ಮೈಯಲ್ಲಿ ರೋಗವಿಲ್ಲವೆಂದು ತೋರಿಸು ಎನ್ನುವ ಪದ್ಧತಿ ನಮ್ಮ ಕಡೆಯ ಜನರಿಗೆ ಮೊದಲು ಎದುರಾದದ್ದು ಈ ಗಡಿಯಲ್ಲೇ. ಕೊರೋನಾ ಬರುವುದಕ್ಕೆ ನೂರಿಪ್ಪತ್ತು ವರ್ಷಕ್ಕೂ ಮುಂಚಿನ ಮಾತು ಅದು.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ವೈದ್ಯ ಅಕಾಸಿಯೋ ವಿಯೆಗಾಸ್ ಪ್ಲೇಗನ್ನು ಗುರುತಿಸಿದರು. ಮಾಂಡ್ವಿ ಬಂದರಿಗೆ ಅಂಟಿಕೊಂಡ ಧಾನ್ಯದ ಪೇಟೆ. ಕೆಲವೇ ತಿಂಗಳಲ್ಲಿ, 1897ರ ಫೆಬ್ರವರಿ 4ರಂದು, ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂತು. ಒಂದೆರಡು ಪುಟದ ಪುಟ್ಟ ಕಾಯಿದೆ, ಆದರೆ ಅದರ ಕೈ ಬಹಳ ಉದ್ದ. ರೈಲಿನಲ್ಲಾಗಲಿ ಬೇರೆ ದಾರಿಯಲ್ಲಾಗಲಿ ಪ್ರಯಾಣ ಮಾಡುವವರನ್ನು ತಪಾಸಣೆ ಮಾಡುವ, ಅನುಮಾನ ಬಂದವರನ್ನು ಬೇರ್ಪಡಿಸಿ ಇಡುವ ಅಧಿಕಾರವನ್ನು ಅದು ಸರ್ಕಾರಕ್ಕೆ ಕೊಟ್ಟಿತು. ಅದರ ಹೆಸರಿನಲ್ಲಿ ಪುಣೆಯಲ್ಲಿ ಸೈನಿಕರು ಮನೆ ಮನೆ ಹೊಕ್ಕರು. ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ಪ್ಲೇಗ್ ಅಧಿಕಾರಿ ರ್‍ಯಾಂಡ್‌ನ ಮೇಲೆ ಗುಂಡು ಹಾರಿಸಿದರು. ಆ ಕಥೆ ಎಲ್ಲರಿಗೂ ಗೊತ್ತು. ರೈಲು ನಿಲ್ದಾಣಗಳಲ್ಲಿ ನಡೆದದ್ದು ಅಷ್ಟಾಗಿ ಗೊತ್ತಿಲ್ಲ.

ಪ್ಲೇಗು ಹುಬ್ಬಳ್ಳಿಗೆ ಬಂದ ಮೇಲೆ ಮೈಸೂರು ಸರ್ಕಾರಕ್ಕೆ ನಿದ್ದೆ ಬರಲಿಲ್ಲ. ಹುಬ್ಬಳ್ಳಿಯಲ್ಲಿ ರೈಲ್ವೆಯ ದೊಡ್ಡ ವರ್ಕ್‌ಷಾಪು, ಹತ್ತಿಯ ವ್ಯಾಪಾರ. ದಿನವೂ ಅಲ್ಲಿಂದ ದಕ್ಷಿಣಕ್ಕೆ ಜನ ಬರುತ್ತಿದ್ದರು. ಗಡಿಯ ರೈಲು ನಿಲ್ದಾಣಗಳಲ್ಲಿ ತಪಾಸಣೆ ಶುರುವಾಯಿತು. ಹುಬ್ಬಳ್ಳಿ ಗಾಡಿಗೆ ಆ ಗಡಿಯೆಂದರೆ ಹರಿಹರ.

ತಪಾಸಣೆ ನಡೆಯುತ್ತಿದ್ದ ರೀತಿ ದೇಶದ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಗಾಡಿ ನಿಂತ ಕೂಡಲೇ ಯಾರೂ ಜಾರಿಕೊಳ್ಳದಂತೆ ಪೊಲೀಸರು ನಿಲ್ಲುತ್ತಿದ್ದರು. ಮೂರನೇ ದರ್ಜೆಯವರನ್ನೆಲ್ಲ ಇಳಿಸಿ ಪ್ಲಾಟ್‌ಫಾರ್ಮಿನ ಮೇಲೆ ಸಾಲಾಗಿ ನಿಲ್ಲಿಸುತ್ತಿದ್ದರು. ವೈದ್ಯ ಒಬ್ಬೊಬ್ಬರ ಕಣ್ಣು, ನಾಲಿಗೆ ನೋಡಿ, ಹಣೆ ಮುಟ್ಟಿ, ಜ್ವರದ ಅನುಮಾನ ಬಂದರೆ ಥರ್ಮಾಮೀಟರ್ ಇಟ್ಟು, ಕಂಕುಳು ಮತ್ತು ತೊಡೆಯ ಸಂದಿಯಲ್ಲಿ ಗಡ್ಡೆ ಇದೆಯೇ ಎಂದು ಒತ್ತಿ ನೋಡುತ್ತಿದ್ದ. ಹೆಂಗಸರಿಗೆ ಹೆಣ್ಣು ನರ್ಸುಗಳು ಬೇಕೆಂದು ನಿಯಮವಿತ್ತು; ಎಲ್ಲ ನಿಲ್ದಾಣಗಳಲ್ಲೂ ಅವರು ಸಿಗುತ್ತಿರಲಿಲ್ಲ. ಪರಗಂಡಸು ಮೈಮುಟ್ಟುವುದೇ ಸಾವಿಗಿಂತ ಕೆಟ್ಟದ್ದೆಂದು ನಂಬಿದ್ದ ಕಾಲದಲ್ಲಿ, ನೂರಾರು ಜನರೆದುರು ಒಬ್ಬ ಹೆಣ್ಣುಮಗಳು ಸೆರಗು ಸರಿಸಿ ನಿಲ್ಲಬೇಕಾಗಿ ಬಂದದ್ದನ್ನು ಊಹಿಸಿದರೆ ಇಂದಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಒಂದನೇ ದರ್ಜೆಯವರಿಗೆ ಈ ಪಾಡು ಇರಲಿಲ್ಲ. ಅವರನ್ನು ಅವರ ಬೋಗಿಯಲ್ಲೇ, ಕೂತಲ್ಲೇ, ಮರ್ಯಾದೆಯಿಂದ ನೋಡಿ ಹೋಗುತ್ತಿದ್ದರು.

ಪಕ್ಕದ ಮದ್ರಾಸ್ ಪ್ರಾಂತ್ಯ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಪ್ಲೇಗ್ ಪಾಸ್‌ಪೋರ್ಟ್ ಎಂಬ ಚೀಟಿ ತಂದಿತು. ಸೋಂಕಿನ ಊರಿನಿಂದ ಬಂದವನು ತಾನು ಹೋಗುವ ಊರು, ಇಳಿಯುವ ಮನೆ ಬರೆಸಿ, ಹತ್ತು ದಿನ ಅಲ್ಲಿನ ಅಧಿಕಾರಿಗೆ ಮುಖ ತೋರಿಸಬೇಕಿತ್ತು. 2020ರಲ್ಲಿ ಕೈಗೆ ಕ್ವಾರಂಟೈನ್ ಮುದ್ರೆ ಒತ್ತಿಸಿಕೊಂಡವರಿಗೆ ಇದು ಹೊಸದೆನಿಸಲಾರದು.

ಹಡಗಿನ ವಿಷಯದಲ್ಲಿ ತಪಾಸಣೆಯ ನಿಯಮವನ್ನು ದೇಶ ದೇಶಗಳೇ ಬರೆದುಕೊಂಡವು. 1897ರ ಮಾರ್ಚಿನಲ್ಲಿ ವೆನಿಸ್ ನಗರದಲ್ಲಿ ಯುರೋಪಿನ ದೇಶಗಳು ಸೇರಿ ಪ್ಲೇಗಿನ ಕುರಿತು ಒಂದು ಒಪ್ಪಂದಕ್ಕೆ ಬಂದವು. ಸೋಂಕಿರುವ ಬಂದರಿನಿಂದ ಹೊರಡುವ ಪ್ರತಿಯೊಬ್ಬ ಪ್ರಯಾಣಿಕನನ್ನೂ ಹಗಲು ಹೊತ್ತಿನಲ್ಲಿ, ದಡದ ಮೇಲೆ, ಹಡಗು ಹತ್ತುವ ಸಮಯದಲ್ಲೇ, ಒಬ್ಬೊಬ್ಬರನ್ನಾಗಿ ವೈದ್ಯ ನೋಡಬೇಕು; ಲಕ್ಷಣವಿದ್ದವರನ್ನು ಹತ್ತಿಸಬಾರದು. ಹಗಲು ಹೊತ್ತು ಎಂದು ಬರೆದದ್ದರಲ್ಲಿ ಅರ್ಥವಿತ್ತು. ಲಾಟೀನಿನ ಬೆಳಕಿನಲ್ಲಿ ಕಣ್ಣಿನ ಕೆಂಪು ಕಾಣುವುದಿಲ್ಲ. ಆ ವರ್ಷ ಮುಂಬಯಿಯಿಂದ ಹಜ್ ಹಡಗುಗಳೇ ಹೊರಡದಂತಾಯಿತು. ವಿಹಾರದ ಹಡಗು ಹತ್ತುವ ಮುನ್ನ ಮೂಗಿಗೆ ಕಡ್ಡಿ ಹಾಕಿಸಿಕೊಂಡ ನಮ್ಮ ಕಾಲದ ಪ್ರವಾಸಿಗೆ ಅಜ್ಜನಂತಿರುವ ನಿಯಮ ಈ ವೆನಿಸ್ ಒಪ್ಪಂದದಲ್ಲಿದೆ.

ಇಷ್ಟೆಲ್ಲ ಮಾಡಿ ರೋಗ ನಿಂತಿತೇ? ನಿಲ್ಲಲಿಲ್ಲ. 1898ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರಿಗೆ ಬಂತು. ಹುಬ್ಬಳ್ಳಿಯ ಕಡೆಯಿಂದ, ರೈಲಿನ ದಾರಿಯಲ್ಲೇ ಬಂತು. ಮೊದಲು ಕಾಣಿಸಿಕೊಂಡದ್ದು ರೈಲ್ವೆ ಅಧಿಕಾರಿಯೊಬ್ಬರ ಮನೆಯ ಬಟ್ಲರ್‌ಗೆ. ವಿ. ಪಿ. ಮಾಧವರಾಯರು ಪ್ಲೇಗ್ ಕಮಿಷನರ್ ಆದರು. ಪೇಟೆಯ ಇಕ್ಕಟ್ಟಿನ ಓಣಿಗಳಿಂದ ಜನ ಹೊರಬಿದ್ದರು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೇಗ ಬೇಗ ಬೆಳೆದದ್ದಕ್ಕೆ ಈ ರೋಗವೂ ಒಂದು ಕಾರಣ. ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಪ್ಲೇಗಿನ ಕಟ್ಟುಪಾಡಿನ ವಿರುದ್ಧ ದಂಗೆಯೇ ಆಯಿತು.

ತಪಾಸಣೆ ಸೋತದ್ದಕ್ಕೆ ಎರಡು ಕಾರಣ. ಮೊದಲನೆಯದು, ಪ್ಲೇಗು ಮೈಹೊಕ್ಕ ಮೇಲೆ ಗಡ್ಡೆ, ಜ್ವರ ಕಾಣಲು ಎರಡರಿಂದ ಆರು ದಿನ ಬೇಕು. ಹುಬ್ಬಳ್ಳಿಯಲ್ಲಿ ಬೆಳಿಗ್ಗೆ ಸೋಂಕು ತಗಲಿದವನು ಸಂಜೆ ಹರಿಹರದ ವೈದ್ಯನ ಮುಂದೆ ಗಟ್ಟಿಮುಟ್ಟಾಗಿ ನಿಲ್ಲುತ್ತಿದ್ದ. ಎರಡನೆಯದು ಇನ್ನೂ ದೊಡ್ಡದು. ಅವರು ಮನುಷ್ಯರನ್ನು ತಡೆಯುತ್ತಿದ್ದರು. ರೋಗ ಗೂಡ್ಸ್ ಗಾಡಿಯಲ್ಲಿ ಬರುತ್ತಿತ್ತು. ಧಾನ್ಯದ ಚೀಲ, ಹತ್ತಿಯ ಅಂಡಿಗೆ, ಅದರೊಳಗಿನ ಇಲಿ, ಇಲಿಯ ಮೈಮೇಲಿನ ಚಿಗಟ. 1898ರ ಜೂನಿನಲ್ಲಿ ಫ್ರೆಂಚ್ ವೈದ್ಯ ಪಾಲ್-ಲೂಯಿ ಸಿಮಾಂಡ್ ಕರಾಚಿಯಲ್ಲಿ ಚಿಗಟದ ಗುಟ್ಟು ಕಂಡುಹಿಡಿದ. ತಜ್ಞರು ಅದನ್ನು ಒಪ್ಪಲು ಏಳೆಂಟು ವರ್ಷ ಹಿಡಿಯಿತು. ನಮ್ಮ ಹಳ್ಳಿಯವರಿಗೆ ಇಲಿಯ ಸಂಬಂಧ ತಿಳಿಯಲು ಯಾವ ಆಯೋಗವೂ ಬೇಕಾಗಿರಲಿಲ್ಲ. ಇಲಿ ಬಿತ್ತು ಅಂದರೆ ಊರು ಬಿಡಬೇಕು, ಅಷ್ಟೇ. ಹೊಲದಲ್ಲಿ, ತೋಪಿನಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಕಾಲ ತಳ್ಳುತ್ತಿದ್ದರು. ಹರಿಹರ, ಕೊಂಡಜ್ಜಿ ಕಡೆಯ ಹಿರಿಯರ ಬಾಯಲ್ಲಿ ಈ ಮಾತು ಇನ್ನೂ ಉಳಿದಿದೆ. ದಾವಣಗೆರೆಯಂಥ ವ್ಯಾಪಾರದ ಊರಿಗೆ ಹತ್ತಿ, ಕಾಳುಕಡಿ ತಡೆಯಿಲ್ಲದೆ ಬರುತ್ತಿದ್ದಾಗ, ಮೂರನೇ ದರ್ಜೆಯ ಪ್ರಯಾಣಿಕನ ಕಂಕುಳು ಒತ್ತಿ ನೋಡಿ ಏನು ಫಲ?

ಫಲ ಕೊಟ್ಟದ್ದು ಬೇರೊಂದು. ವಾಲ್ಡೆಮಾರ್ ಹಾಫ್‌ಕಿನ್ ಮುಂಬಯಿಯಲ್ಲಿ ಪ್ಲೇಗಿಗೆ ಲಸಿಕೆ ತಯಾರಿಸಿ 1897ರ ಜನವರಿ 10ರಂದು ಮೊದಲು ತಾನೇ ಚುಚ್ಚಿಸಿಕೊಂಡ. ಮರುವರ್ಷ ಹುಬ್ಬಳ್ಳಿಯಲ್ಲಿ ವೈದ್ಯ ಲಾಯ್ಮನ್ ಊರಿಗೆ ಊರೇ ಎನ್ನುವಷ್ಟು ಜನಕ್ಕೆ ಆ ಲಸಿಕೆ ಹಾಕಿದ. ಲಸಿಕೆಯ ಸರ್ಟಿಫಿಕೇಟ್ ಇದ್ದವರಿಗೆ ಶಿಬಿರವಾಸದಿಂದ, ಪ್ರಯಾಣದ ತಡೆಯಿಂದ ರಿಯಾಯಿತಿ ಸಿಕ್ಕಿತು. ಎರಡು ಡೋಸ್ ಸರ್ಟಿಫಿಕೇಟ್ ತೋರಿಸಿ ಮಾಲ್, ಸಿನಿಮಾ ಮಂದಿರ ಹೊಕ್ಕವರು ಹುಬ್ಬಳ್ಳಿಯ ಆ ಜನರ ಸಾಲಿನಲ್ಲೇ ನಿಂತವರು.

ಈಗ 2020ಕ್ಕೆ ಬರೋಣ. ಫೆಬ್ರವರಿಯ ಮೊದಲ ವಾರ ಜಪಾನಿನ ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಎಂಬ ವಿಹಾರದ ಹಡಗನ್ನು ತಡೆದು ನಿಲ್ಲಿಸಿದರು. ಒಳಗಿದ್ದವರು 3,711 ಮಂದಿ. ಕೊನೆಗೆ ಸೋಂಕು ಹತ್ತಿದ್ದು 700ಕ್ಕೂ ಹೆಚ್ಚು ಜನಕ್ಕೆ. ಹಡಗಿನಲ್ಲಿ 138 ಭಾರತೀಯರಿದ್ದರು, ಅವರಲ್ಲಿ 132 ಮಂದಿ ಸಿಬ್ಬಂದಿ. ಕಾರವಾರದ ಯುವಕನೊಬ್ಬನೂ ಅವರ ಜೊತೆಗಿದ್ದ. ಪ್ರಯಾಣಿಕರಿಗೆ ಕ್ಯಾಬಿನ್ ಬಿಟ್ಟು ಹೊರಬರಬೇಡಿ ಎಂದರು. ಹಾಗಾದರೆ ಕ್ಯಾಬಿನ್ನಿನ ಬಾಗಿಲಿಗೆ ಊಟ ತಂದಿಟ್ಟವರು ಯಾರು? ತಾವೇ ಇಕ್ಕಟ್ಟಿನ ಕೋಣೆಗಳಲ್ಲಿ ಒಟ್ಟೊಟ್ಟಿಗೆ ಮಲಗುತ್ತಿದ್ದ ಸಿಬ್ಬಂದಿ. ಪ್ರಯಾಣಿಕರಿಗೆ ಕೊಟ್ಟ ರಕ್ಷಣೆಯನ್ನು ಅವರ ಸೇವೆ ಮಾಡುವವರಿಗೆ ಕೊಡಲಿಲ್ಲ. ಫೆಬ್ರವರಿ 27ರಂದು ಏರ್ ಇಂಡಿಯಾ ವಿಮಾನ 119 ಭಾರತೀಯರನ್ನು ದೆಹಲಿಗೆ ತಂದಿತು. ಅಲ್ಲಿಂದ ಮಾನೇಸರದ ಶಿಬಿರಕ್ಕೆ.

ಮಾರ್ಚ್ 7ರಂದು ಈ ಭಯ ನಮ್ಮ ಕರಾವಳಿಗೇ ಬಂತು. ಎಂಎಸ್‌ಸಿ ಲಿರಿಕಾ ಎಂಬ ವಿಹಾರದ ಹಡಗಿಗೆ ಹೊಸ ಮಂಗಳೂರು ಬಂದರಿನೊಳಗೆ ಬರಲು ಅನುಮತಿ ಸಿಗಲಿಲ್ಲ. ಆ ದಿನಗಳಲ್ಲಿ ಕೈಯಲ್ಲಿದ್ದ ಉಪಾಯ ಅದೊಂದೇ: ಬರಬೇಡ ಎನ್ನುವುದು. ಪರೀಕ್ಷೆಯ ಕಿಟ್ಟು ಕಡಿಮೆ, ಲ್ಯಾಬು ಬೆರಳೆಣಿಕೆಯಷ್ಟು. ವಿಮಾನ ನಿಲ್ದಾಣಗಳಲ್ಲಿ ಹಣೆಗೆ ಹಿಡಿಯುತ್ತಿದ್ದ ಥರ್ಮಲ್ ಗನ್ 1897ರ ಥರ್ಮಾಮೀಟರಿನ ಮೊಮ್ಮಗ. ಸೌದಿಯಿಂದ ಫೆಬ್ರವರಿ ಕೊನೆಗೆ ಹೈದರಾಬಾದಿನಲ್ಲಿ ಇಳಿದ ಕಲಬುರಗಿಯ ಹಿರಿಯರೊಬ್ಬರು ಆ ತಪಾಸಣೆ ದಾಟಿ ಮನೆಗೆ ಬಂದರು; ಆಗ ಅವರಲ್ಲಿ ರೋಗದ ಲಕ್ಷಣವಿರಲಿಲ್ಲ. ಮಾರ್ಚ್ 10ರಂದು ಅವರು ತೀರಿಕೊಂಡರು, ದೇಶದಲ್ಲಿ ಕೊರೋನಾದ ಮೊದಲ ಸಾವು ಅದು. ಮರುದಿನವೇ ಕರ್ನಾಟಕ ಸರ್ಕಾರ ಕೋವಿಡ್ ನಿಯಮಾವಳಿ ಹೊರಡಿಸಿತು. ಯಾವ ಕಾಯಿದೆಯ ಕೆಳಗೆ? ಅದೇ 1897ರ ಕಾಯಿದೆಯ ಕೆಳಗೆ.

ಮೇ 12ರಂದು ದುಬೈಯಿಂದ ಮಂಗಳೂರಿಗೆ, ಹೊರದೇಶದಲ್ಲಿ ಸಿಕ್ಕಿಕೊಂಡವರನ್ನು ಕರೆತರುವ ವಂದೇ ಭಾರತ್ ಯೋಜನೆಯ ಮೊದಲ ವಿಮಾನ ಬಂತು. ಅಲ್ಲಿ ತಪಾಸಣೆ ಮಾಡಿಯೇ ಹತ್ತಿಸಿದ್ದರು. ಇಳಿದವರನ್ನು ಕ್ವಾರಂಟೈನ್‌ನಲ್ಲಿಟ್ಟು ಗಂಟಲು ದ್ರವ ಪರೀಕ್ಷಿಸಿದಾಗ, ಮೂರೇ ದಿನದಲ್ಲಿ ಇಪ್ಪತ್ತರಷ್ಟು ಜನಕ್ಕೆ ಪಾಸಿಟಿವ್ ಬಂತು. ಹತ್ತುವ ಮುನ್ನದ ಪರೀಕ್ಷೆಗಿಂತ ಇಳಿದ ಮೇಲಿನ ಪ್ರತ್ಯೇಕವಾಸವೇ ಆ ದಿನ ಊರನ್ನು ಕಾಪಾಡಿತು.

ಆರ್‌ಟಿಪಿಸಿಆರ್ ಊರೂರಿಗೆ ಬಂದ ಮೇಲೆ ಚೀಟಿಯ ರಾಜ್ಯಭಾರ ಶುರುವಾಯಿತು. 2020ರ ಮಾರ್ಚಿನಲ್ಲಿ ಖಾಸಗಿ ಲ್ಯಾಬಿನ ಗರಿಷ್ಠ ದರ 4,500 ರೂಪಾಯಿ ಇದ್ದದ್ದು ಆ ವರ್ಷದ ಕೊನೆಗೆ ಕರ್ನಾಟಕದಲ್ಲಿ 800ಕ್ಕೆ ಇಳಿಯಿತು. ಹೊರದೇಶದಿಂದ ಬರುವವರು 72 ಗಂಟೆಯೊಳಗಿನ ನೆಗೆಟಿವ್ ರಿಪೋರ್ಟನ್ನು ಏರ್ ಸುವಿಧಾ ಪೋರ್ಟಲ್‌ಗೆ ಏರಿಸಬೇಕೆಂಬ ನಿಯಮ 2021ರ ಫೆಬ್ರವರಿ 22ರಿಂದ ಬಿಗಿಯಾಯಿತು. ಅಮೆರಿಕ ಅದಕ್ಕೂ ಮೊದಲೇ, ಜನವರಿ 26ರಿಂದ, ವಿಮಾನ ಹತ್ತುವ ಮೂರು ದಿನದೊಳಗಿನ ರಿಪೋರ್ಟ್ ಕೇಳತೊಡಗಿತ್ತು. ಡಿಸೆಂಬರಿನಲ್ಲಿ ಅದನ್ನು ಒಂದೇ ದಿನಕ್ಕೆ ಇಳಿಸಿತು. ಮಗಳ ಬಾಣಂತನಕ್ಕೆಂದು ಟಿಕೆಟ್ ಮಾಡಿಸಿದ್ದ ದಾವಣಗೆರೆಯ ತಾಯಿಗೆ ಒಂದು ದಿನ ಅಂದರೆ ಏನು? ಬೆಂಗಳೂರು ಅಲ್ಲಿಂದ 260 ಕಿಲೋಮೀಟರ್. ಊರಲ್ಲಿ ಕೊಟ್ಟ ಮಾದರಿಯ ಫಲಿತಾಂಶ ಬರುವ ಹೊತ್ತಿಗೆ ವಿಮಾನ ಹಾರಿರುತ್ತಿತ್ತು. ಆದ್ದರಿಂದ ಮುಂಚೆಯೇ ಬೆಂಗಳೂರಿಗೆ ಹೋಗಿ, ಯಾರದಾದರೂ ಮನೆಯಲ್ಲೋ ಲಾಡ್ಜಿನಲ್ಲೋ ಉಳಿದು, ಅಲ್ಲೇ ಮಾದರಿ ಕೊಟ್ಟು, ಮೊಬೈಲು ಹಿಡಿದು ಕಾಯಬೇಕಿತ್ತು. ಗಂಟೆಯ ಎಣಿಕೆ ಮೂಗಿಗೆ ಕಡ್ಡಿ ಹಾಕಿದಾಗಿನಿಂದಲೋ ರಿಪೋರ್ಟ್ ಬಂದಾಗಿನಿಂದಲೋ ಎಂಬ ಪ್ರಶ್ನೆಗೆ ದೇಶಕ್ಕೊಂದು ಉತ್ತರ. 2021ರ ಮೇ 22ರಿಂದ ಹೊರದೇಶಕ್ಕೆ ಹೊರಡುವವರ ರಿಪೋರ್ಟಿನಲ್ಲಿ ಕ್ಯೂಆರ್ ಕೋಡ್ ಕಡ್ಡಾಯವಾಯಿತು, ನಕಲಿ ಚೀಟಿಗಳ ಹಾವಳಿ ಅಷ್ಟಿತ್ತು. ನಮ್ಮವರಿಗೆ ಇನ್ನೊಂದು ತಾಪತ್ರಯ ಹೆಸರಿನದು. ಆಧಾರ್‌ನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಊರ ಹೆಸರು, ಅಪ್ಪನ ಹೆಸರು ಪೂರ್ತಿ ಬಿಡಿಸಿ ಬರೆದದ್ದು. ಲ್ಯಾಬಿನ ಹುಡುಗ ಇನಿಷಿಯಲ್ ಹಾಕಿ ರಿಪೋರ್ಟ್ ತೆಗೆದನೆಂದರೆ ಕೌಂಟರಿನಲ್ಲಿ ಎರಡೂ ತಾಳೆಯಾಗುತ್ತಿರಲಿಲ್ಲ.

ಈ ಕಥೆಯಲ್ಲಿ ನನ್ನನ್ನು ಬಹಳ ಕಾಡಿದ್ದು ಕರ್ನಾಟಕ-ಕೇರಳ ಗಡಿಯ ತಲಪಾಡಿ. ಕಾಸರಗೋಡಿನ ಜನಕ್ಕೆ ಆಸ್ಪತ್ರೆ, ಕಾಲೇಜು, ಕೆಲಸ ಎಲ್ಲವೂ ಮಂಗಳೂರು. ರಾಜ್ಯ ಪುನರ್ವಿಂಗಡಣೆ ಎಳೆದ ಗೆರೆಯನ್ನು ಅವರು ದಿನವೂ ದಾಟಿಕೊಂಡೇ ಬದುಕಿದ್ದರು. 2020ರ ಮಾರ್ಚಿನಲ್ಲಿ ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ಆಂಬುಲೆನ್ಸುಗಳು ಹಿಂದಿರುಗಿದವು, ಚಿಕಿತ್ಸೆ ಸಿಗದೆ ಜನ ಸತ್ತರು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. 2021ರ ಫೆಬ್ರವರಿಯಲ್ಲಿ ಎರಡನೇ ಸುತ್ತು. ತಲಪಾಡಿ, ಸಾರಡ್ಕ, ನೆಟ್ಟಣಿಗೆ ಮುಡ್ನೂರು, ಜಾಲ್ಸೂರು ಎಂಬ ನಾಲ್ಕು ದಾರಿ ಮಾತ್ರ ತೆರೆದು, ಅಲ್ಲಿ 72 ಗಂಟೆಯೊಳಗಿನ ರಿಪೋರ್ಟ್ ಕೇಳಿದರು. ಆಗಸ್ಟಿನಲ್ಲಿ ಮೂರನೇ ಸುತ್ತು: ಎರಡು ಡೋಸ್ ಲಸಿಕೆ ಹಾಕಿಸಿಕೊಂಡಿದ್ದರೂ ರಿಪೋರ್ಟ್ ಬೇಕೇ ಬೇಕು. ಕೇರಳದ ಬಸ್ಸು ಗಡಿಯವರೆಗೆ ಬಂದು ನಿಲ್ಲುತ್ತಿತ್ತು. ಜನ ಇಳಿದು, ಚೀಟಿ ತೋರಿಸಿ, ನಡೆದು ಆಚೆ ಹೋಗಿ ಮಂಗಳೂರಿನ ಬಸ್ಸು ಹತ್ತುತ್ತಿದ್ದರು. ಆಚೀಚೆ ಎರಡೂ ಕಡೆ ತುಳು, ಕನ್ನಡ, ಬ್ಯಾರಿ ಮಾತೇ.

ಕೇರಳದಲ್ಲಿ ಆಗ ಸೋಂಕು ನಿಜವಾಗಿಯೂ ಹೆಚ್ಚಿತ್ತು. ಕರ್ನಾಟಕದ ಅಧಿಕಾರಿಗಳ ಆತಂಕ ಸುಳ್ಳಲ್ಲ. ಆದರೆ ವರ್ಷಕ್ಕೊಮ್ಮೆ ವಿಹಾರಕ್ಕೆ ಹೋಗುವವನಿಗೆ ಮಾಡಿದ ನಿಯಮವನ್ನು ದಿನಗೂಲಿಗೆ ಗಡಿ ದಾಟುವವನಿಗೂ ಹೊಲಿದು ಹಾಕಿದರೆ ಅದು ಮೈಗೆ ಕೂಡುವುದಿಲ್ಲ. ವಿಹಾರಿಗೆ ಪರೀಕ್ಷೆಯೆಂದರೆ ಒಂದು ಖರ್ಚು. ದಿನಗೂಲಿಯವನಿಗೆ ಅದು ವಾರ ವಾರವೂ ಕಳೆದುಕೊಳ್ಳುವ ಸಂಬಳ.

ಅದೇ ಆಗಸ್ಟಿನಲ್ಲಿ ಮಂಗಳೂರು ವಿಮಾನ ನಿಲ್ದಾಣದಲ್ಲಿ ಇನ್ನೊಂದು ಸಾಲು ಶುರುವಾಯಿತು. ಏಪ್ರಿಲಿನಿಂದ ಭಾರತದ ವಿಮಾನಗಳಿಗೆ ಬಾಗಿಲು ಮುಚ್ಚಿದ್ದ ಯುಎಇ, ಮರಳುವ ಕೆಲಸಗಾರರಿಗೆ ಪರೀಕ್ಷೆಯ ಎರಡು ಷರತ್ತು ಹಾಕಿತ್ತು: ಪ್ರಯಾಣದ 48 ಗಂಟೆಯೊಳಗಿನ ಆರ್‌ಟಿಪಿಸಿಆರ್, ಮತ್ತು ವಿಮಾನ ನಿಲ್ದಾಣದಲ್ಲೇ ಹೊರಡುವ ಕೆಲವೇ ಗಂಟೆ ಮುನ್ನ ರ್‍ಯಾಪಿಡ್ ಪಿಸಿಆರ್. ಮೊದಲು ನಾಲ್ಕು ಗಂಟೆ ಎಂದರು, ಆಮೇಲೆ ಆರು ಎಂದರು. ಆ ರ್‍ಯಾಪಿಡ್ ಪರೀಕ್ಷೆಯ ಯಂತ್ರ ಬರುವವರೆಗೆ ಮಂಗಳೂರಿನಿಂದ ದುಬೈಗೆ ಹಾರುವಂತಿರಲಿಲ್ಲ. ಯಂತ್ರ ಬಂದ ಮೇಲೆ ಪ್ರಯಾಣಿಕರು ವಿಮಾನದ ವೇಳೆಗಿಂತ ಬಹಳ ಮುಂಚೆ ಬಂದು, ಸಾವಿರಗಟ್ಟಲೆ ರೂಪಾಯಿ ತೆತ್ತು, ಮೂಗು ಒಡ್ಡಿ, ಬ್ಯಾಗನ್ನು ಕಾಲ ಸಂದಿಯಲ್ಲಿಟ್ಟುಕೊಂಡು ಕಾಯುತ್ತಿದ್ದರು. ಮನೆಯವರು ಕಾರಿನಲ್ಲಿ ಹೊರಗೇ ನಿಂತಿರುತ್ತಿದ್ದರು, ಕರೆದುಕೊಂಡು ವಾಪಸ್ ಹೋಗಬೇಕಾಗಬಹುದು ಎಂದು. ಎರಡು ದಿನದ ಹಿಂದೆ ನೆಗೆಟಿವ್ ಬಂದವನಿಗೆ ಇಲ್ಲಿ ಪಾಸಿಟಿವ್ ಬಂದರೆ ಟಿಕೆಟ್ ಹೋಯಿತು. ವೀಸಾದ ಅವಧಿ ಮುಗಿಯುತ್ತಿದ್ದರೆ ಕೆಲಸವೂ ಹೋಯಿತು.

ವಿಹಾರದ ಹಡಗಿಗೂ ಈ ಚೀಟಿ ಭದ್ರತೆ ಕೊಡಲಿಲ್ಲ. ಮುಂಬಯಿಯಿಂದ ಗೋವಾಕ್ಕೆ ಹೊಸ ವರ್ಷಾಚರಣೆಗೆ ಹೊರಟ ಕಾರ್ಡೀಲಿಯಾ ಹಡಗಿನಲ್ಲಿ 2022ರ ಜನವರಿ ಮೊದಲ ವಾರ ಸಿಬ್ಬಂದಿಯೊಬ್ಬರಿಗೆ ಸೋಂಕು ಕಂಡಿತು. ಸುಮಾರು 2,000 ಜನರ ಪರೀಕ್ಷೆ ಮಾಡಿಸಿದಾಗ 66 ಮಂದಿ ಪಾಸಿಟಿವ್. ಹಡಗು ಮುಂಬಯಿಗೆ ವಾಪಸ್. ಓಮಿಕ್ರಾನ್ ಕಾಲ ಅದು. ಮಾದರಿ ಕೊಟ್ಟ ಗಳಿಗೆಗೂ ಹಡಗು ಹತ್ತುವ ಗಳಿಗೆಗೂ ನಡುವಿನ ಒಂದೆರಡು ದಿನವೇ ಸೋಂಕಿಗೆ ಸಾಕಾಗಿತ್ತು. ಹುಬ್ಬಳ್ಳಿಯಿಂದ ಹರಿಹರಕ್ಕೆ ಬಂದ ಪ್ರಯಾಣಿಕನ ವಿಷಯದಲ್ಲಿ ವೈದ್ಯ ಸೋತದ್ದೂ ಇದೇ ಅಂತರದಲ್ಲಿ.

ಆಮೇಲೆ ಎಲ್ಲವೂ ಒಂದೊಂದಾಗಿ ಕಳಚಿದವು. 2022ರ ಫೆಬ್ರವರಿಯಲ್ಲಿ ಯುಎಇ ರ್‍ಯಾಪಿಡ್ ಪರೀಕ್ಷೆ ಕೈಬಿಟ್ಟಿತು, ಕರ್ನಾಟಕ ಕೇರಳದವರಿಗಿದ್ದ ರಿಪೋರ್ಟಿನ ಕಡ್ಡಾಯ ತೆಗೆಯಿತು. ಜೂನ್ 12ಕ್ಕೆ ಅಮೆರಿಕ. ನವೆಂಬರ್ 22ಕ್ಕೆ ಏರ್ ಸುವಿಧಾ. ಆರು ದಿನ ಕಳೆದು, ನವೆಂಬರ್ 28ರಂದು, ಎಂಎಸ್ ಯುರೋಪಾ 2 ಎಂಬ ವಿಹಾರದ ಹಡಗು ಹೊಸ ಮಂಗಳೂರು ಬಂದರಿಗೆ ಬಂತು. ಕೋವಿಡ್ ನಂತರ ಅಲ್ಲಿಗೆ ಬಂದ ಮೊದಲನೆಯದು.

ಪರೀಕ್ಷೆಯೇ ಬೇಡವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಅದು ಎಷ್ಟೋ ಜನರನ್ನು ಉಳಿಸಿದೆ. ನನ್ನ ತಕರಾರು ಅದರ ಭಾರ ಹೊತ್ತವರ ಬಗ್ಗೆ. ಊರಿನ ಕ್ಷೇಮಕ್ಕಾಗಿ ಮಾಡಿದ ಪರೀಕ್ಷೆಯ ಹಣ, ಸಮಯ, ಕೈತಪ್ಪಿದ ಟಿಕೆಟ್, ತಪ್ಪಿದ ಕೂಲಿ, ಎಲ್ಲವೂ ಪರೀಕ್ಷೆಗೊಳಗಾದವನ ತಲೆಗೇ ಬಂತು. ಒಂದನೇ ದರ್ಜೆಯವನಿಗೆ ಅದು ಹಗುರ, ಮೂರನೇ ದರ್ಜೆಯವನಿಗೆ ಬಹಳ ಭಾರ. ಬೇರೆ ದಾರಿ ಇರಲಿಲ್ಲ ಎನ್ನುವವರು 1897ರ ಕಾಯಿದೆಯ ಎರಡನೇ ಕಲಮನ್ನು ಒಮ್ಮೆ ಪೂರ್ತಿ ಓದಬೇಕು. ಪ್ರಯಾಣಿಕರನ್ನು ತಡೆದು ತಪಾಸಣೆ ಮಾಡುವ ಅಧಿಕಾರ ಕೊಡುವ ಆ ಕಲಮಿನಲ್ಲೇ, ಇದರ ಖರ್ಚನ್ನು ಯಾರು, ಹೇಗೆ ಭರಿಸಬೇಕು, ಪರಿಹಾರ ಕೊಡುವುದಿದ್ದರೆ ಅದನ್ನೂ ಸೇರಿಸಿ, ಸರ್ಕಾರವೇ ತೀರ್ಮಾನಿಸಬಹುದು ಎಂದು ಬರೆದಿದೆ. ತಪಾಸಣೆಯ ಅಧಿಕಾರವನ್ನು ಹರಿಹರದಿಂದ ತಲಪಾಡಿಯ ತನಕ ಬಳಸಿದೆವು. ಪರಿಹಾರದ ಆ ಮಾತನ್ನು ಪ್ರಯಾಣಿಕನ ಪರವಾಗಿ ಬಳಸಲೂ ಅವಕಾಶವಿತ್ತು.